ಸಮರಕಲೆಗಳಲ್ಲಿ ಸ್ತ್ರೀ-ಪುರುಷರ ಕೂಡು ತಾಲೀಮು

ಗಂಡಸರೂ ಹೆಂಗಸರೂ ಒಂದೇ ಗುರುವಿನ ಬಳಿ, ಒಂದೇ ಹೊತ್ತಿನಲ್ಲಿ ಸಮರಕಲೆ ಕಲಿಯುತ್ತ, ಒಬ್ಬರಿಗೊಬ್ಬರು ಎದುರಾಳಿಯಾಗಿ ನಿಂತು ಅಭ್ಯಾಸ ಮಾಡುವ ಪದ್ಧತಿ. ಜೂಡೊ, ಐಕಿಡೊ, ಕರಾಟೆ, ಟೇಕ್ವಾಂಡೊ, ಬ್ರೆಜಿಲಿಯನ್ ಜಿಯು-ಜಿತ್ಸು ಶಾಲೆಗಳಲ್ಲಿ ಇಂದು ಇದು ಮಾಮೂಲು. ಕುಸ್ತಿ ಮತ್ತು ಬಾಕ್ಸಿಂಗ್‌ನಲ್ಲಿ ಅಷ್ಟು ಮಾಮೂಲಲ್ಲ. ಜಪಾನಿನ ವೃತ್ತಿಪರ ಸುಮೊದಲ್ಲಿ ಹೆಣ್ಣು ಅಖಾಡಕ್ಕೆ ಕಾಲಿಡುವಂತೆಯೇ ಇಲ್ಲ. ಸ್ಪರ್ಧೆಯ ಮಾತು ಬೇರೆ: ಒಲಿಂಪಿಕ್ಸ್‌ನ ಯಾವ ಸಮರಕ್ರೀಡೆಯಲ್ಲೂ ಹೆಣ್ಣು ಗಂಡು ಪರಸ್ಪರ ಸೆಣಸುವುದಿಲ್ಲ. ಈ ಲೇಖನದ ವಿಷಯ ಪದಕವಲ್ಲ, ದಿನನಿತ್ಯದ ಸಾಮು.

ಮೈಸೂರಿನಲ್ಲಿ ದಸರಾ ಕುಸ್ತಿ ಶುರುವಾಗುವ ಮುನ್ನ ಪೈಲ್ವಾನರನ್ನು ಒಂದೆಡೆ ಸೇರಿಸಿ 'ಜೋಡಿ ಕಟ್ಟುವ' ಕೆಲಸ ನಡೆಯುತ್ತದೆ. ಮೈಕಟ್ಟು, ತೂಕ, ಅನುಭವ ನೋಡಿ ಯಾರಿಗೆ ಯಾರು ಎಂದು ಹಿರಿಯರು ತೀರ್ಮಾನಿಸುತ್ತಾರೆ. ಕೂಡು ತಾಲೀಮಿನ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಈ 'ಜೋಡಿ' ಎಂಬ ಮಾತಿಗಿಂತ ಒಳ್ಳೆಯ ಕೀಲಿಕೈ ಇಲ್ಲ. ಯಾಕೆಂದರೆ ಹೆಸರು ಒಂದಾದರೂ ಅದರಡಿ ಮೂರು ಬೇರೆ ಸಂಗತಿಗಳಿವೆ. ಹುಡುಗರು ಆ ಮೂಲೆಯಲ್ಲಿ, ಹುಡುಗಿಯರು ಈ ಮೂಲೆಯಲ್ಲಿ ಕಲಿತರೆ ಸೂರು ಮಾತ್ರ ಒಂದು. ಸಾಲಾಗಿ ನಿಂತು ಅದೇ ಹೆಜ್ಜೆ, ಅದೇ ಪಟ್ಟು ಕಲಿತರೆ ಪಾಠವೂ ಒಂದು. ಅವನ ಕೊರಳಪಟ್ಟಿಗೆ ಅವಳ ಕೈ, ಅವಳ ತೋಳಿಗೆ ಅವನ ಕೈ ಬಿದ್ದಾಗಲೇ ಜೋಡಿ ಒಂದಾಗುವುದು. ಸೂರನ್ನೂ ಪಾಠವನ್ನೂ ಹಂಚಿಕೊಳ್ಳಲು ಒಪ್ಪಿದ ಎಷ್ಟೋ ಸಂಸ್ಥೆಗಳು ಜೋಡಿಯ ಪ್ರಶ್ನೆ ಬಂದ ಕೂಡಲೇ ಬಾಗಿಲು ಹಾಕಿಕೊಂಡಿವೆ.

ಮಣ್ಣಿನ ಮಡಿ

ಉತ್ತರದ ಅಖಾಡವಿರಲಿ, ನಮ್ಮ ಗರಡಿಮನೆಯಿರಲಿ, ಕುಸ್ತಿಯ ಮಟ್ಟಿ ಬರಿಯ ನೆಲವಲ್ಲ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಕಲಸಿ ಹದ ಮಾಡುತ್ತಾರೆ. ಇಳಿಯುವ ಮೊದಲು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಗೋಡೆಯ ಗೂಡಿನಲ್ಲಿ ಹನುಮಂತ ಕುಳಿತಿರುತ್ತಾನೆ. ಬನಾರಸಿನ ಅಖಾಡಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ 1992ರ ತಮ್ಮ ಪುಸ್ತಕದಲ್ಲಿ ಪೈಲ್ವಾನನ ಬದುಕಿನ ನಡುಗಂಬ ಬ್ರಹ್ಮಚರ್ಯ ಎಂದು ವಿವರಿಸಿದ್ದಾರೆ. ಲಂಗೋಟಿ ಬಿಗಿಯುವುದೆಂದರೆ ವ್ರತ ಹಿಡಿದಂತೆ. ವ್ರತದ ಜಾಗಕ್ಕೆ ಹೆಣ್ಣು ಬರಬಾರದೆಂಬ ಕಟ್ಟು ಅಲ್ಲಿಂದ ಹುಟ್ಟಿತು. ಗಮನಿಸಬೇಕಾದದ್ದೆಂದರೆ, ಹೆಣ್ಣಿಗೆ ಕುಸ್ತಿ ಬಾರದು ಎಂಬುದು ಇಲ್ಲಿ ಮೂಲ ತಕರಾರೇ ಅಲ್ಲ. ಮಣ್ಣು ಮೈಲಿಗೆಯಾದೀತು, ಗಂಡಿನ ವ್ರತ ಕೆಟ್ಟೀತು ಎಂಬುದೇ ಭಯ. 'ಅವಳ ಕೈಲಾಗದು' ಎಂಬ ಮಾತು ಆಮೇಲೆ ಸೇರಿಕೊಂಡ ಸಮರ್ಥನೆಯಂತೆ ಕಾಣುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. 2018ರ ಏಪ್ರಿಲ್‌ನಲ್ಲಿ ಜಪಾನಿನ ಕ್ಯೋಟೊ ಪ್ರಾಂತ್ಯದ ಮೈಜುರುವಿನಲ್ಲಿ ಸುಮೊ ಪ್ರದರ್ಶನದ ವೇಳೆ ಭಾಷಣ ಮಾಡುತ್ತಿದ್ದ ಊರಿನ ಮೇಯರ್ ಕಣದ ಮೇಲೆಯೇ ಕುಸಿದು ಬಿದ್ದರು. ಪ್ರೇಕ್ಷಕರ ನಡುವಿನಿಂದ ಕೆಲವು ಹೆಂಗಸರು ಮೇಲೇರಿ ಎದೆ ಒತ್ತಿ ಚಿಕಿತ್ಸೆ ಶುರುಮಾಡಿದರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ 'ಹೆಂಗಸರು ಕಣ ಬಿಟ್ಟು ಇಳಿಯಿರಿ' ಎಂಬ ಘೋಷಣೆ ಮತ್ತೆ ಮತ್ತೆ ಕೇಳಿಬಂತು. ಆಮೇಲೆ ಕಣದ ಮೇಲೆ ಶುದ್ಧಿಯ ಗುರುತಾದ ಉಪ್ಪು ಚೆಲ್ಲಲಾಯಿತು. ಸುಮೊ ಸಂಘದ ಅಧ್ಯಕ್ಷರು ಕ್ಷಮೆ ಕೇಳಿದರು. ನಿಷೇಧ ಮಾತ್ರ ಹಾಗೆಯೇ ಉಳಿಯಿತು. ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣದ ಮುಯೆ ಥಾಯ್ ರಿಂಗಿಗೂ ಹೆಣ್ಣಿನ ಸೋಂಕು ಆಗದೆಂಬ ನಂಬಿಕೆಯಿತ್ತು. ಅಲ್ಲಿ ಮೊದಲ ಬಾರಿಗೆ ಹೆಂಗಸರ ಪಂದ್ಯ ನಡೆದದ್ದು 2021ರ ನವೆಂಬರ್‌ನಲ್ಲಿ. ಥಾಯ್ಲೆಂಡಿನ ಎಷ್ಟೋ ರಿಂಗುಗಳಲ್ಲಿ ಗಂಡಸರು ಹಗ್ಗದ ಮೇಲಿಂದ ದಾಟಿ ಒಳಬಂದರೆ ಹೆಂಗಸರು ಕೆಳಗಿನ ಹಗ್ಗದಡಿ ನುಸುಳಿ ಬರಬೇಕು.

ಇಷ್ಟಾದರೂ ಹೆಣ್ಣಿನ ಕುಸ್ತಿ ಹೊಸದಲ್ಲ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅರಮನೆಯ ಸೇವೆಯಲ್ಲಿದ್ದ ಹೆಂಗಸರ ಪಟ್ಟಿ ಕೊಡುತ್ತ ಕುಸ್ತಿಯಾಡುವವರನ್ನೂ ಹೆಸರಿಸುತ್ತಾನೆ. ಅದಕ್ಕೂ ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟು ಮಲ್ಲರ ದರ್ಜೆ, ಆಹಾರ, ವ್ಯಾಯಾಮಗಳನ್ನು ವಿವರಿಸಿದ. ಆದರೆ ಅಲ್ಲಿನ ಮಲ್ಲ ಗಂಡು.

ಆಧುನಿಕ ಭಾರತದಲ್ಲಿ ಜೋಡಿಯ ಕಟ್ಟನ್ನು ಬಹಿರಂಗವಾಗಿ ಮುರಿದವಳು ಹಮೀದಾ ಬಾನು. ಪತ್ರಿಕೆಗಳು ಅವಳನ್ನು 'ಅಲಿಗಢದ ಅಮೆಜಾನ್' ಎಂದು ಕರೆದವು. 1940 ಮತ್ತು 50ರ ದಶಕಗಳಲ್ಲಿ, ತನ್ನನ್ನು ಸೋಲಿಸಿದವನನ್ನು ಮದುವೆಯಾಗುವುದಾಗಿ ಸವಾಲು ಹಾಕಿ ಗಂಡಸರೊಂದಿಗೆ ಸೆಣಸಿದಳು. 1954ರಲ್ಲಿ ಬರೋಡಾದಲ್ಲಿ ಬಾಬಾ ಪಹಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದ ಪಂದ್ಯ ಹೆಸರಾಯಿತು. ಆದರೆ ಪುಣೆಯಲ್ಲಿ ಪುರುಷನೊಂದಿಗೆ ಗೊತ್ತಾಗಿದ್ದ ಪಂದ್ಯ ಕುಸ್ತಿ ಸಂಘದ ಆಕ್ಷೇಪದಿಂದ ರದ್ದಾಯಿತು. ಕೊಲ್ಹಾಪುರದಲ್ಲಿ ಗೆದ್ದಾಗ ಜನ ಕೂಗಾಡಿ ಕಲ್ಲು ತೂರಿದರು. ಗೂಗಲ್ ತನ್ನ ಮುಖಪುಟದಲ್ಲಿ ಅವಳ ಚಿತ್ರ ಹಾಕಿದ್ದು 2024ರ ಮೇ 4ರಂದು. ಹಮೀದಾಳದು ಪ್ರದರ್ಶನದ ಜೋಡಿ, ತಾಲೀಮಿನದಲ್ಲ. ಸಾವಿರಾರು ಜನ ಟಿಕೆಟ್ ಕೊಂಡು ನೋಡಿದ ಅಚ್ಚರಿ ಅದು; ಅವಳ ಹಿಂದೆ ಹುಡುಗಿಯರ ಸಾಲೊಂದು ಅಖಾಡಕ್ಕೆ ಇಳಿಯಲಿಲ್ಲ.

ಆ ಸಾಲು ಬಂದದ್ದು ಹರಿಯಾಣದಿಂದ, ಅದೂ ತತ್ವದಿಂದಲ್ಲ, ಗತಿಯಿಲ್ಲದೆ. ಬಲಾಲಿ ಗ್ರಾಮದ ಮಹಾವೀರ್ ಸಿಂಗ್ ಫೋಗಟ್ ತನ್ನ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸಹೊರಟಾಗ ಸುತ್ತಮುತ್ತ ಎದುರಾಳಿ ಹುಡುಗಿಯರೇ ಇರಲಿಲ್ಲ. ಹುಡುಗರ ಜೊತೆ ಜೋಡಿ ಕಟ್ಟಿದ. ಹಿರಿಯ ಮಗಳು ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, ಆ ಕೂಟದ ಕುಸ್ತಿಯಲ್ಲಿ ಚಿನ್ನ ತಂದ ಮೊದಲ ಭಾರತೀಯ ಮಹಿಳೆಯಾದಳು. ರೋಹ್ತಕ್‌ನಲ್ಲಿ ಈಶ್ವರ್ ದಹಿಯಾ ಹುಡುಗಿಯರನ್ನು ಅಖಾಡಕ್ಕೆ ಸೇರಿಸಿಕೊಂಡಾಗ ಊರವರ ವಿರೋಧ ಎದುರಿಸಬೇಕಾಯಿತು. ಅಲ್ಲಿ ಹುಡುಗರೊಂದಿಗೆ ಪಟ್ಟು ಹಾಕಿ ಬೆಳೆದ ಸಾಕ್ಷಿ ಮಲಿಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು. ಮಣಿಪುರದ ಬಾಕ್ಸರ್ ಮೇರಿ ಕೋಮ್ ಕೂಡ ಪುರುಷ ಬಾಕ್ಸರ್‌ಗಳೊಂದಿಗೆ ಸ್ಪಾರಿಂಗ್ ಮಾಡಿಯೇ ಪಂದ್ಯಗಳಿಗೆ ಸಿದ್ಧವಾದವರು.

ಕೊಡೊಕನ್‌ನ ಎರಡು ಕೋಣೆಗಳು

ಕೂಡು ತಾಲೀಮಿನ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ದಾಖಲಾಗಿರುವುದು ಜೂಡೊದಲ್ಲಿ. ಜೂಡೊದ ಜನಕ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಐಶೋಜಿ ದೇವಾಲಯದಲ್ಲಿ ಕೊಡೊಕನ್ ಶಾಲೆ ತೆರೆದ. ಮುಂದಿನ ದಶಕದಲ್ಲೇ ಹೆಂಗಸರಿಗೆ ಖಾಸಗಿಯಾಗಿ ಕಲಿಸತೊಡಗಿದ್ದ. 1926ರಲ್ಲಿ ಅವರಿಗಾಗಿ 'ಜೋಶಿಬು' ಎಂಬ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೆ ಜೋಶಿಬು ಬೇರೆ ಕೋಣೆ. ಅಲ್ಲಿ ಒತ್ತು ಕಾಟಾದ ಮೇಲೆ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಮೇಲೆ, ಸ್ಪರ್ಧೆ ಇರಲಿಲ್ಲ. ಹೆಂಗಸರ ಕಪ್ಪು ಪಟ್ಟಿಯ ಉದ್ದಕ್ಕೂ ನಡುವೆ ಒಂದು ಬಿಳಿ ಗೆರೆ ಎಳೆದಿರುತ್ತಿತ್ತು. ಅಂತರರಾಷ್ಟ್ರೀಯ ಕಣದಿಂದ ಆ ಗೆರೆ ಮರೆಯಾದ ಎಷ್ಟೋ ವರ್ಷಗಳ ನಂತರ, 2017ರಲ್ಲಿ, ಜಪಾನಿನ ಜೂಡೊ ಒಕ್ಕೂಟವೂ ಅದನ್ನು ಕೈಬಿಟ್ಟಿತು.

ಆ ಗೆರೆಯ ಭಾರ ಹೊತ್ತವರಲ್ಲಿ ಕೈಕೊ ಫುಕುಡಾ ಒಬ್ಬರು. ಕಾನೊನ ಜುಜುತ್ಸು ಗುರುವಿನ ಮೊಮ್ಮಗಳಾದ ಈಕೆ 1935ರಲ್ಲಿ ಕೊಡೊಕನ್ ಸೇರಿದರು. ಐದನೆಯ ದಾನ್‌ಗಿಂತ ಮೇಲಿನ ದರ್ಜೆ ಹೆಂಗಸರಿಗಿಲ್ಲವೆಂಬ ಕಟ್ಟಳೆಯಿಂದಾಗಿ ಸುಮಾರು ಎರಡು ದಶಕ ಅದೇ ದರ್ಜೆಯಲ್ಲಿ ನಿಂತರು. ಆರನೆಯ ದಾನ್ ಸಿಕ್ಕಿದ್ದು 1972ರಲ್ಲಿ. ಒಂಬತ್ತನೆಯದನ್ನು ಕೊಡೊಕನ್ ಕೊಟ್ಟದ್ದು 2006ರಲ್ಲಿ. 2011ರಲ್ಲಿ ಅಮೆರಿಕದ ಜೂಡೊ ಸಂಸ್ಥೆ ಹತ್ತನೆಯ ದಾನ್ ನೀಡಿದಾಗ ಅವರಿಗೆ 98 ವರ್ಷ. 2013ರಲ್ಲಿ ತೀರಿಕೊಂಡರು. ಪ್ರತ್ಯೇಕ ಕೋಣೆಯಿಂದ ಇಷ್ಟು ಪೆಟ್ಟು ತಿಂದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ಶಾಲೆ ಮಾತ್ರ ಮಹಿಳೆಯರಿಗೆಂದೇ ಮೀಸಲಾದದ್ದು. ಇದನ್ನು ವಿರೋಧಾಭಾಸವೆಂದು ನಗುವ ಮೊದಲು ಯೋಚಿಸಬೇಕು. ತಳ್ಳಿಸಿಕೊಂಡು ಸೇರಿದ ಕೋಣೆ ಬೇರೆ, ತಾನೇ ಆಯ್ದುಕೊಂಡ ಕೋಣೆ ಬೇರೆ.

ಇನ್ನೊಂದು ದಾರಿ ಹಿಡಿದವಳು ನ್ಯೂಯಾರ್ಕಿನ ಬ್ರೂಕ್ಲಿನ್‌ನ ರಸ್ಟಿ ಕಾನೊಕೊಗಿ. 1959ರಲ್ಲಿ ಯೂಟಿಕಾದಲ್ಲಿ ನಡೆದ ನ್ಯೂಯಾರ್ಕ್ ರಾಜ್ಯದ ವೈಎಂಸಿಎ ಜೂಡೊ ಸ್ಪರ್ಧೆಗೆ ತಂಡದ ಒಬ್ಬ ಗಾಯಗೊಂಡು ಹಿಂದೆ ಸರಿದಾಗ ಅವನ ಬದಲಿಗೆ ಇಳಿದಳು. ಕೂದಲು ಗಿಡ್ಡ, ಎದೆಗೆ ಬಿಗಿಯಾಗಿ ಸುತ್ತಿದ ಪಟ್ಟಿ. ತನ್ನ ಪಂದ್ಯ ಗೆದ್ದಳು, ತಂಡವೂ ಗೆದ್ದಿತು. ಪದಕ ಕೊಟ್ಟ ಮೇಲೆ ಸಂಘಟಕ ಬದಿಗೆ ಕರೆದು 'ನೀನು ಹೆಣ್ಣೇ?' ಎಂದು ಕೇಳಿದ. ತಲೆಯಾಡಿಸಿದಳು. ಪದಕ ಹಿಂದಕ್ಕೆ ಹೋಯಿತು. 1962ರಲ್ಲಿ ಕೊಡೊಕನ್‌ಗೆ ಹೋದಾಗ ಮೊದಲು ಅವಳನ್ನೂ ಹೆಂಗಸರ ವಿಭಾಗಕ್ಕೇ ಕಳಿಸಿದರು. ಅಲ್ಲಿ ಅವಳಿಗೆ ಸರಿಜೋಡಿ ಸಿಗದೆ ಗಂಡಸರ ಮುಖ್ಯ ದೋಜೊಗೆ, ಅಂದರೆ ತಾಲೀಮು ಕೋಣೆಗೆ, ಬಿಟ್ಟುಕೊಂಡರು. ಅಲ್ಲಿ ಗಂಡಸರೊಡನೆ ತಾಲೀಮು ಮಾಡಿದ ಮೊದಲ ಮಹಿಳೆ ಆಕೆ. 1980ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಮಹಿಳಾ ವಿಶ್ವ ಜೂಡೊ ಚಾಂಪಿಯನ್‌ಷಿಪ್ ನಡೆಸಲು ತನ್ನ ಮನೆಯನ್ನೇ ಅಡವಿಟ್ಟಳು. ಮಹಿಳಾ ಜೂಡೊ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನವಾಗಿ, 1992ರ ಬಾರ್ಸಿಲೋನಾದಲ್ಲಿ ಪದಕದ ಸ್ಪರ್ಧೆಯಾಗಿ ಬಂದದ್ದರಲ್ಲಿ ಅವಳ ಪಾಲು ದೊಡ್ಡದು. ಕಿತ್ತುಕೊಂಡಿದ್ದ ಪದಕವನ್ನು ವೈಎಂಸಿಎ 2009ರ ಆಗಸ್ಟ್‌ನಲ್ಲಿ ಮರಳಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ರಸ್ಟಿ ತೀರಿಕೊಂಡಳು.

ಇಂದು ಜೂಡೊದಲ್ಲಿ ಮಿಶ್ರ ತಂಡ ಸ್ಪರ್ಧೆಯೂ ಇದೆ: ಮೂವರು ಗಂಡಸರು, ಮೂವರು ಹೆಂಗಸರು, ಪ್ರತಿಯೊಬ್ಬರೂ ತಮ್ಮ ಲಿಂಗ ಮತ್ತು ತೂಕದವರೊಡನೆಯೇ ಸೆಣಸಿ ತಂಡಕ್ಕೆ ಅಂಕ ಸೇರಿಸುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಬಂದ ಈ ಸ್ಪರ್ಧೆಯಲ್ಲಿ ಫ್ರಾನ್ಸ್ ತಂಡ ಜಪಾನನ್ನು ಅದರ ನೆಲದಲ್ಲೇ ಸೋಲಿಸಿತು. 2024ರಲ್ಲಿ ಪ್ಯಾರಿಸ್‌ನಲ್ಲಿ 3-3 ಸಮವಾದಾಗ ಅದೃಷ್ಟದ ಚೀಟಿ ಭಾರಿ ತೂಕದ ವಿಭಾಗವನ್ನು ತೋರಿಸಿ, ಟೆಡ್ಡಿ ರಿನೇರ್ ಗೆದ್ದು ಚಿನ್ನ ಮತ್ತೆ ಫ್ರಾನ್ಸಿಗೇ ಹೋಯಿತು. ಸೂರು ಒಂದು, ಅಂಕಪಟ್ಟಿ ಒಂದು, ಜೋಡಿ ಮಾತ್ರ ಬೇರೆ.

ಜಪಾನಿನ ಉಳಿದ ಕಲೆಗಳಲ್ಲಿ ನಾಗಿನಾತ ತಿರುವುಮುರುವಾದ ಉದಾಹರಣೆ. ಉದ್ದ ಹಿಡಿಕೆಯ ಈ ಬಾಗುಗತ್ತಿಯ ವಿದ್ಯೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಶಾಲೆಗಳಲ್ಲಿ ಹುಡುಗಿಯರ ಪಾಠವಾಗಿ ಬೇರೂರಿತು. ಇಂದಿಗೂ ಅಲ್ಲಿ ಗಂಡಸರೇ ಅಲ್ಪಸಂಖ್ಯಾತರು. ಐಕಿಡೊದ ಬಹುಪಾಲು ಶಾಖೆಗಳಲ್ಲಿ ಸ್ಪರ್ಧೆಯೇ ಇಲ್ಲದ್ದರಿಂದ ಮಿಶ್ರ ಜೋಡಿ ಸುಲಭವಾಗಿ ನೆಲೆಯಾಯಿತು. ಐಕಿಡೊದ ಸ್ಥಾಪಕ ಮೊರಿಹೈ ಉಯೆಶಿಬಾನ ಟೋಕಿಯೊ ದೋಜೊದಲ್ಲಿ 1930ರ ದಶಕದಲ್ಲೇ ತಕಾಕೊ ಕುನಿಗೋಶಿ ಎಂಬ ಚಿತ್ರಕಲಾ ವಿದ್ಯಾರ್ಥಿನಿ ಗಂಡಸರ ನಡುವೆ ಕಲಿಯುತ್ತಿದ್ದಳು. ಅವನ 'ಬುಡೊ ರೆನ್ಶು' ಪುಸ್ತಕದ ಪಟ್ಟುಗಳ ಚಿತ್ರಗಳು ಅವಳ ಕೈಯವು. ಚೀನಾದಲ್ಲಿ 1910ರಲ್ಲಿ ಶಾಂಘೈಯಲ್ಲಿ ಹುಟ್ಟಿದ ಜಿಂಗ್‌ವು ಸಂಘ ಕುಲದ ಗುಟ್ಟಾಗಿದ್ದ ವಿದ್ಯೆಯನ್ನು ಪಟ್ಟಣಿಗರಿಗೆ ತೆರೆದು, ಹೆಂಗಸರಿಗೂ ವಿಭಾಗ ಮಾಡಿತು. ಇಂಗ್ಲೆಂಡಿನಲ್ಲಿ ಐದಡಿಯೂ ಇಲ್ಲದ ಈಡಿತ್ ಗ್ಯಾರಡ್ ತನ್ನ ಗಂಡನೊಡನೆ ಜುಜುತ್ಸು ಕಲಿತು ಕಲಿಸಿದಳು. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು ನಾಯಕಿಯರನ್ನು ಪೊಲೀಸರಿಂದ ಕಾಯಲು ಕಟ್ಟಿದ ಅಂಗರಕ್ಷಕ ಪಡೆಗೆ ತರಬೇತಿ ಕೊಟ್ಟವಳು ಅವಳೇ.

ಭಾರತಕ್ಕೆ ಜೂಡೊ ಬಂದ ಬಗೆಯನ್ನು ಇಲ್ಲಿ ನೆನೆಯಬೇಕು. ರವೀಂದ್ರನಾಥ ಟಾಗೋರರ ಕರೆಯ ಮೇಲೆ ಕಾನೊನ ಶಿಷ್ಯ ಶಿಂಜೊ ತಕಾಗಾಕಿ 1929ರಲ್ಲಿ ಶಾಂತಿನಿಕೇತನಕ್ಕೆ ಬಂದ. ಅಲ್ಲಿ ಹುಡುಗಿಯರೂ ಕಲಿತರು. ಅವರಲ್ಲೊಬ್ಬರು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ ಅಮಿತಾ ಸೇನ್. ಟೋಕಿಯೊದಲ್ಲಿ ಹೆಂಗಸರ ವಿಭಾಗಕ್ಕೆ ಮೂರು ವರ್ಷವಾಗಿದ್ದಾಗ ಬಂಗಾಳದ ಹಳ್ಳಿಗಾಡಿನ ಶಾಲೆಯೊಂದರಲ್ಲಿ ನಡೆದ ಸಂಗತಿಯಿದು.

ಕಳರಿಯ ಕುಳಿ

ಕೇರಳದ ಕಳರಿಪಯಟ್ಟಿನಲ್ಲಿ ಕಥೆ ಇನ್ನಷ್ಟು ಸೂಕ್ಷ್ಮ. ಉತ್ತರ ಮಲಬಾರಿನ ಸಾಂಪ್ರದಾಯಿಕ ಕಳರಿ ನೆಲದಿಂದ ಕೆಳಕ್ಕೆ ತೋಡಿದ ಕುಳಿ, ಸುಮಾರು 42 ಅಡಿ ಉದ್ದ, 21 ಅಡಿ ಅಗಲ. ಮೆಟ್ಟಿಲಿಳಿದರೆ ಮಣ್ಣಿನ ತಂಪು, ಎಣ್ಣೆಯ ವಾಸನೆ. ಮೂಲೆಯಲ್ಲಿ ಪೂತ್ತರವೆಂಬ ಏಳು ಮೆಟ್ಟಿಲಿನ ಪೂಜಾಪೀಠ, ಅದರ ಮುಂದೆ ದೀಪ. ಇಲ್ಲಿ ಹುಡುಗಿಯರಿಗೆ ಪ್ರವೇಶ ಮೊದಲಿನಿಂದಲೂ ಇತ್ತು. ವಡಕ್ಕನ್ ಪಾಟ್ಟುಗಳೆಂಬ ಲಾವಣಿಗಳ ನಾಯಕಿ ಉಣ್ಣಿಯಾರ್ಚ ಬಳುಕುವ ಉರುಮಿ ಕತ್ತಿ ಬೀಸಿ ಪುಂಡರನ್ನು ಹಿಮ್ಮೆಟ್ಟಿಸಿದವಳೆಂದು ಮಲಯಾಳಿಗಳಿಗೆ ಮನೆಮಾತು. ಆದರೆ ರೂಢಿಯಲ್ಲಿ ಹುಡುಗಿ ಮೈನೆರೆದ ಮೇಲೆ ಕುಳಿಗೆ ಇಳಿಯುವುದು ನಿಲ್ಲುತ್ತಿತ್ತು. ಇದಕ್ಕೆ ವಿದ್ಯೆಯ ಸ್ವರೂಪವೂ ಕಾರಣ. ಕಚ್ಚೆ ಬಿಗಿದ ಮೈಗೆ ಎಣ್ಣೆ ಹಚ್ಚಿ, ಗುರುಕ್ಕಳ್, ಅಂದರೆ ಕಳರಿಯ ಗುರು, ಮೇಲೆ ಕಟ್ಟಿದ ಹಗ್ಗ ಹಿಡಿದು ತನ್ನ ಪಾದದಿಂದಲೇ ಶಿಷ್ಯನ ಮೈ ನೀವುವ ಉಳಿಚ್ಚಿಲ್ ಈ ಶಿಕ್ಷಣದ ಅಂಗ. ಗುರು ಗಂಡಾದಲ್ಲಿ ಬೆಳೆದ ಹುಡುಗಿಗೆ ಆ ಬಾಗಿಲು ಮುಚ್ಚಿದಂತೆಯೇ.

ವಡಗರದ ಮೀನಾಕ್ಷಿ ಅಮ್ಮ ಹಾಗೆ ನಿಲ್ಲಿಸದವರು. ಏಳರ ವಯಸ್ಸಿಗೆ ಕಳರಿಗೆ ಇಳಿದರು. ಹದಿಹರೆಯದ ನಂತರವೂ ಬಿಡಲಿಲ್ಲ. ಗುರು ರಾಘವನ್‌ರನ್ನೇ ಮದುವೆಯಾದರು. ಪತಿ ತೀರಿಕೊಂಡ ಮೇಲೆ ಕಡತ್ತನಾಡು ಕಳರಿ ಸಂಘದ ಗುರುಕ್ಕಳ್ ಆದರು. ಅಲ್ಲಿ ಶುಲ್ಕವಿಲ್ಲ, ಗಂಡು ಹೆಣ್ಣು ಮಕ್ಕಳು ಒಂದೇ ಕುಳಿಯಲ್ಲಿ ಮೈ ಪಳಗಿಸುವ ಮೈತ್ತಾರಿಯಿಂದ ಲೋಹದ ಆಯುಧಗಳ ಅಂಗತ್ತಾರಿವರೆಗೆ ಕಲಿಯುತ್ತಾರೆ. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿದ ಅಜ್ಜಿ ಸೀರೆಯುಟ್ಟು ಗಂಡಸೊಬ್ಬನೊಡನೆ ಕೋಲು ಬೀಸುವ ದೃಶ್ಯ ದೇಶದ ತುಂಬ ಓಡಾಡಿತು. ಕಳರಿಯಲ್ಲಿ ಮಿಶ್ರ ಜೋಡಿ ಸಲೀಸಾಗಲು ಮತ್ತೊಂದು ಕಾರಣವುಂಟು: ಕೋಲು, ಕತ್ತಿ ಹಿಡಿದಾಗ ಇಬ್ಬರ ನಡುವೆ ಆಯುಧದ ಉದ್ದದಷ್ಟು ದೂರವಿರುತ್ತದೆ, ತಪ್ಪದ ತಾಳವಿರುತ್ತದೆ, ಕಣ್ಣು ಮತ್ತು ಹೆಜ್ಜೆ ತೋಳಿಗಿಂತ ಮುಖ್ಯವಾಗುತ್ತದೆ.

ಮೈಬಲದ ಲೆಕ್ಕ

ಹದಿಹರೆಯಕ್ಕೆ ಮುನ್ನ ಗಂಡು ಹೆಣ್ಣು ಮಕ್ಕಳ ಬಲದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆಮೇಲೆ ಟೆಸ್ಟೊಸ್ಟೆರೋನ್‌ನಿಂದಾಗಿ ಗಂಡಿನ ಸ್ನಾಯು, ಮೂಳೆ ಎರಡೂ ಹೆಚ್ಚುತ್ತವೆ. ವಯಸ್ಕ ಹೆಣ್ಣಿನ ಸೊಂಟದಿಂದ ಮೇಲಿನ ಮೈಬಲ ಸರಾಸರಿಯಲ್ಲಿ ಗಂಡಿನ ಅರ್ಧಕ್ಕಿಂತ ತುಸು ಹೆಚ್ಚು. ಕಾಲುಗಳ ಬಲದ ಅಂತರ ಅದಕ್ಕಿಂತ ಕಡಿಮೆ. ಈ ವ್ಯತ್ಯಾಸವನ್ನು ಅಲ್ಲಗಳೆಯುವ ಕೂಡು ತಾಲೀಮು ಬಹಳ ದಿನ ಬಾಳುವುದಿಲ್ಲ, ಯಾರಾದರೂ ಆಸ್ಪತ್ರೆ ಸೇರುತ್ತಾರೆ. ಆದರೆ ಇದೇ ವ್ಯತ್ಯಾಸ 60 ಕಿಲೊ ಗಂಡಿಗೂ 100 ಕಿಲೊ ಗಂಡಿಗೂ ಇದೆ; ಅವರಿಬ್ಬರನ್ನು ಒಂದೇ ತರಗತಿಯಿಂದ ಯಾರೂ ಹೊರಗಿಡುವುದಿಲ್ಲ, ತಾಲೀಮಿನಲ್ಲಿ ಹದವರಿತು ಹಿಡಿಯುವಂತೆ ಹೇಳುತ್ತಾರೆ.

ಹದವೆಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಜೂಡೊ ತರಗತಿಯಲ್ಲಿ ರಂಡೋರಿ, ಅಂದರೆ ಮುಕ್ತ ಸೆಣಸು, ಶುರುವಾಗುತ್ತದೆ. ಎದುರುಬದುರಾಗಿ ಬಾಗಿ ವಂದಿಸುತ್ತಾರೆ. ಎಂಬತ್ತು ಕಿಲೊದವನು ಐವತ್ತೈದು ಕಿಲೊದವಳ ತೋಳು ಹಿಡಿದಾಗ ಅವನಿಗೆ ಎರಡು ತಪ್ಪು ದಾರಿ ತೆರೆದಿರುತ್ತವೆ. ಬಲ ಪ್ರಯೋಗಿಸಿ ಎಳೆದೊಗೆಯುವುದು ಒಂದು. ಗಾಜಿನ ಬೊಂಬೆಯಂತೆ ಮುಟ್ಟದೆ ನಿಂತು, ಅವಳು ಎಸೆದಳೆಂದು ನಟಿಸಿ ಬೀಳುವುದು ಇನ್ನೊಂದು. ಎರಡರಿಂದಲೂ ಅವಳು ಏನೂ ಕಲಿಯುವುದಿಲ್ಲ. ಸರಿಯಾದ ಜೊತೆಗಾರ ಬಲವನ್ನು ತಗ್ಗಿಸುತ್ತಾನೆ, ವಿದ್ಯೆಯನ್ನು ತಗ್ಗಿಸುವುದಿಲ್ಲ: ಹಿಡಿತ ತಪ್ಪಿದರೆ ಅದನ್ನು ಬಿಡಿಸಿಕೊಳ್ಳುತ್ತಾನೆ, ಸಮತೋಲ ಕೆಟ್ಟರೆ ಕಾಲು ಕೊಡುತ್ತಾನೆ, ಪಟ್ಟು ಸರಿಯಾಗಿ ಬಿದ್ದರೆ ಮಾತ್ರ ಬೀಳುತ್ತಾನೆ. ಅವನಿಗೂ ಲಾಭವುಂಟು. ತೋಳಬಲದಿಂದ ಮುಚ್ಚಿಹೋಗುತ್ತಿದ್ದ ತನ್ನ ಪಟ್ಟಿನ ದೋಷ ಇಲ್ಲಿ ಬಯಲಾಗುತ್ತದೆ. ಕತ್ತು ಅಥವಾ ಕೀಲು ಸಿಕ್ಕಿಬಿದ್ದಾಗ ಎದುರಾಳಿಯ ಮೈಗೋ ನೆಲಕ್ಕೋ ಎರಡು ಬಾರಿ ತಟ್ಟಿದರೆ ತಕ್ಷಣ ಬಿಡಬೇಕೆಂಬ 'ಟ್ಯಾಪ್' ನಿಯಮಕ್ಕೆ ಗಂಡು ಹೆಣ್ಣಿನ ಭೇದವಿಲ್ಲ.

ಗುದ್ದುವ ವಿದ್ಯೆಗಳಲ್ಲಿ ತೊಡಕು ಹೆಚ್ಚು. ಹೆಂಗಸಿಗೆ ಕೈಮಾಡಬಾರದೆಂದು ಕೇಳುತ್ತ ಬೆಳೆದವನಿಗೆ ಕರಾಟೆ ತರಗತಿಯಲ್ಲಿ ಅವಳ ಮುಖದತ್ತ ಮುಷ್ಟಿ ಚಾಚಲು ಕೈ ಏಳುವುದಿಲ್ಲ. ಇಂಗ್ಲೆಂಡಿನಲ್ಲಿ ಮಿಶ್ರ ತರಗತಿಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಅಲೆಕ್ಸ್ ಚ್ಯಾನನ್ ಸ್ವತಃ ಅಭ್ಯಾಸಿ. ಈ ಹಿಂಜರಿಕೆಯನ್ನೇ ವಿಷಯವಾಗಿಟ್ಟು ಬರೆದಿದ್ದಾರೆ. ಹುಡುಗಿಯರ ದೂರು ಹೊಡೆತದ ಬಗ್ಗೆ ಇರುವುದಕ್ಕಿಂತ ಹೆಚ್ಚಾಗಿ ಹೊಡೆಯದೆ ಬಿಟ್ಟದ್ದರ ಬಗ್ಗೆ ಇರುತ್ತದೆ: ಎದುರಿನವನು ತನ್ನನ್ನು ಎದುರಾಳಿಯೆಂದೇ ಎಣಿಸಲಿಲ್ಲವೆಂದು.

ಬೇರೆ ತರಗತಿಯ ಪರ ವಾದ

ಎಲ್ಲವೂ ಕೂಡಿಯೇ ಆಗಬೇಕೆಂಬ ಹಟಕ್ಕೂ ಆಧಾರ ಸಾಲದು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಶಾರ್ಲೀನ್ ಸೆನ್ ನೇತೃತ್ವದಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಹಿಳೆಯರಿಗೆಂದೇ ರೂಪಿಸಿದ ಪ್ರತಿರೋಧ ಶಿಬಿರಕ್ಕೆ ಸೇರಿದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾಗುವ ಅಪಾಯ ಶೇ. 5.2 ಇತ್ತು, ಬರಿಯ ಕರಪತ್ರ ಪಡೆದವರಲ್ಲಿ ಶೇ. 9.8. ಆ ಶಿಬಿರದ ಬಹುಪಾಲು ಪಟ್ಟುಗಳ ಪಾಠವಲ್ಲ. ಪರಿಚಿತನಿಂದಲೇ ಬರುವ ಅಪಾಯವನ್ನು ಗುರುತಿಸುವುದು, ಸಂಕೋಚ ಬಿಟ್ಟು ಗಟ್ಟಿಯಾಗಿ ಬೇಡವೆನ್ನುವುದು. ಅಂಥ ಮಾತು ಗಂಡಸರ ಮುಂದೆ ಬಿಚ್ಚಿಕೊಳ್ಳುವುದು ಕಷ್ಟ. ಅಂದಮೇಲೆ ಆತ್ಮರಕ್ಷಣೆಯ ಶಿಬಿರ ಬೇರೆ, ಸಮರಕಲೆಯ ದೀರ್ಘ ಅಭ್ಯಾಸ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯವಾಗಿರುವ ತಪ್ಪು.

ಕೂಡು ತಾಲೀಮಿನ ನಿಜವಾದ ಅಪಾಯ ಜೋಡಿಯಲ್ಲಿರುವುದಕ್ಕಿಂತ ಅಧಿಕಾರದ ಗಾದಿಯಲ್ಲಿದೆ. 2013ರ ಜನವರಿಯಲ್ಲಿ ಜಪಾನಿನ 15 ಮಹಿಳಾ ಜೂಡೊ ಪಟುಗಳು ಹೊಡೆತ, ಬೈಗುಳಗಳ ಬಗ್ಗೆ ದೂರಿತ್ತದ್ದು ಬಯಲಾಗಿ ರಾಷ್ಟ್ರೀಯ ತಂಡದ ತರಬೇತುದಾರ ಹುದ್ದೆ ಬಿಡಬೇಕಾಯಿತು. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದವರು ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಹುಡುಗಿಯರನ್ನು ಹುಡುಗರೊಂದಿಗೆ ಬಿಟ್ಟರೆ ಏನಾದೀತೋ ಎಂದು ಊರು ಅಂಜುತ್ತದೆ. ದೂರುಗಳು ಎದ್ದದ್ದು ಅಧಿಕಾರದಲ್ಲಿ ಕೂತವರ ಮೇಲೆ.

ಕರ್ನಾಟಕದಲ್ಲಿ

ಮೈಸೂರು, ಧಾರವಾಡ, ಬೆಳಗಾವಿ ಸೀಮೆಗಳ ಹಳೆಯ ಗರಡಿಗಳು ಗಂಡಸರವು. ವಿಜಯದಶಮಿಯಂದು ಅರಮನೆಯಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವೂ ಹಾಗೆಯೇ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ನಾ.ಸು. ಹರ್ಡೀಕರರು ಹುಬ್ಬಳ್ಳಿಯಿಂದ ನಡೆಸಿದ ಹಿಂದೂಸ್ತಾನಿ ಸೇವಾದಳದಲ್ಲಿ ಮಹಿಳಾ ವಿಭಾಗವಿತ್ತು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಹೊಣೆ ಹೊತ್ತಿದ್ದರು. ಅಲ್ಲಿಯೂ ಅದು ಬೇರೆ ವಿಭಾಗವೇ. ಇತ್ತೀಚಿನ ವರ್ಷಗಳಲ್ಲಿ ದಸರಾ ಕುಸ್ತಿಯಲ್ಲಿ ಹೆಂಗಸರ ಪಂದ್ಯಗಳು ನಡೆಯುತ್ತಿವೆ. ಉತ್ತರ ಕನ್ನಡದ ಹಳಿಯಾಳ ಹುಡುಗಿಯರ ಕುಸ್ತಿಗೆ ಹೆಸರಾಗಿದೆ. ಸಮಾಜ ಕಲ್ಯಾಣ ಇಲಾಖೆ ವಸತಿಶಾಲೆಗಳ ಹುಡುಗಿಯರಿಗಾಗಿ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣಾ ತರಬೇತಿ ತಂದಿದೆ. ನೂನಿಜ್ ಮಲ್ಲ ಹೆಂಗಸರ ಮಾತು ಬರೆದ ಸೀಮೆಯಲ್ಲೇ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ, 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕುಸ್ತಿ, ಬಾಕ್ಸಿಂಗ್, ಜೂಡೊಗಳಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ತರಬೇತಿ ಕೊಡುತ್ತದೆ.

ಪಟ್ಟಣಗಳ ಬಡಾವಣೆಗಳಲ್ಲಿ ಸಂಜೆ ನಡೆಯುವ ಕರಾಟೆ, ಟೇಕ್ವಾಂಡೊ ತರಗತಿಗಳಲ್ಲಿ ಮಕ್ಕಳ ಸಾಲಿನಲ್ಲಿ ಹುಡುಗಿಯರು ತುಂಬಿರುತ್ತಾರೆ. ಹೈಸ್ಕೂಲು ದಾಟುವ ಹೊತ್ತಿಗೆ ಸಾಲು ತೆಳುವಾಗುತ್ತದೆ. ಪರೀಕ್ಷೆಯ ನೆಪ ಹೇಳುವುದು ವಾಡಿಕೆ. ಜೋಡಿ ಕಟ್ಟುವಾಗ ಪ್ರತಿದಿನವೂ ಮೂಲೆಯಲ್ಲಿ ಅದೇ ಇನ್ನೊಬ್ಬ ಹುಡುಗಿಯೇ ಪಾಲಿಗೆ ಬಂದರೆ, ಅವಳು ಬಿಟ್ಟ ದಿನ ಇವಳೂ ಬಿಡುತ್ತಾಳೆ. ಮಗಳನ್ನೋ ಮಗನನ್ನೋ ಸೇರಿಸಲು ಹೊರಟವರು ಶುಲ್ಕ ವಿಚಾರಿಸುವ ಮೊದಲು ಒಂದು ಸಂಜೆ ಗೋಡೆಗೊರಗಿ ಕೂತು, ಗಂಟೆ ಬಾರಿಸಿದಾಗಲೆಲ್ಲ ಯಾರು ಯಾರ ಎದುರು ನಿಲ್ಲುತ್ತಾರೆ ಎಂಬುದನ್ನು ನೋಡಿ ಬರಲಿ.